ಜುಲೈನಲ್ಲಿ ಮಟ್ಟುಗುಳ್ಳ ಕೇಳಬೇಡಿ

(ಮಳೆಗಾಲದ ಮಲೆನಾಡು, ಕರಾವಳಿ, ಅಲ್ಲಿನ ದಾರಿ ಮತ್ತು ಊಟದ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಜೂನ್ ತಿಂಗಳ ನಾಲ್ಕು ಹನಿ ಬಿದ್ದರೆ ಸಾಕು, ‘ಈ ಸಲ ಮಳೆ ನೋಡೋಕೆ ಘಟ್ಟದ ಕಡೆ ಹೋಗೋಣ’ ಎನ್ನುವ ಮಾತು ಶುರುವಾಗುತ್ತದೆ. ಆಮೇಲೆ ಯಾವ ಶನಿವಾರ ಹೋಂಸ್ಟೇ ಖಾಲಿ ಇದೆ ಎಂದು ನೋಡಿ ದಿನ ಗೊತ್ತು ಮಾಡುತ್ತಾರೆ. ಅಲ್ಲಿಗೆ ಹೋದರೆ ಜೋಗದ ತುಂಬ ಬರೀ ಮಂಜು. ಆಗುಂಬೆಯ ಸೂರ್ಯಾಸ್ತದ ಕಟ್ಟೆ ಹತ್ತಿದರೆ ಎದುರಿಗೆ ಬಿಳಿ ಗೋಡೆ. ಉಡುಪಿಯಲ್ಲಿ ಮಟ್ಟುಗುಳ್ಳ ಬದನೆಯ ಹುಳಿ ಕೇಳಿದರೆ ಬಡಿಸುವವರು ಮುಖ ನೋಡುತ್ತಾರೆ.

ಇವತ್ತು ಹೇಳಬೇಕೆಂದಿರುವುದು ಇಷ್ಟೆ: ದಿನ ಗೊತ್ತು ಮಾಡುವ ಮೊದಲು ಮಳೆ ನಕ್ಷತ್ರ ನೋಡಿ. ಘಾಟಿ ತೆರೆದಿರುತ್ತದೆಯೇ, ಎಲೆಗೆ ಏನು ಬೀಳುತ್ತದೆ, ಎರಡೂ ಅದರಿಂದ ಬಹುಮಟ್ಟಿಗೆ ಗೊತ್ತಾಗುತ್ತದೆ.

ನಕ್ಷತ್ರ ಎಂದ ಕೂಡಲೇ ಭವಿಷ್ಯ ಹೇಳುತ್ತಾರೆ ಎಂದು ಗಾಬರಿಯಾಗಬೇಡಿ. ಸೂರ್ಯನ ದಾರಿಯನ್ನು 27 ಭಾಗ ಮಾಡಿದ್ದಾರೆ, ಒಂದೊಂದರಲ್ಲಿ ಅವನು ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅಂದರೆ ಇದು ಸೌರ ಕ್ಯಾಲೆಂಡರು. ದಿನಾಂಕಗಳು ವರ್ಷ ವರ್ಷ ಹೆಚ್ಚು ಅಲುಗಾಡುವುದಿಲ್ಲ. ಮೃಗಶಿರ ಜೂನ್ 7–8ಕ್ಕೆ ಹುಟ್ಟುತ್ತದೆ. ಆರಿದ್ರಾ ಜೂನ್ 21–22, ಪುನರ್ವಸು ಜುಲೈ 5–6, ಪುಷ್ಯ ಜುಲೈ 19–20, ಆಶ್ಲೇಷ ಆಗಸ್ಟ್ 2–3, ಮಘೆ ಆಗಸ್ಟ್ 16–17, ಹುಬ್ಬೆ ಆಗಸ್ಟ್ ಕೊನೆಗೆ, ಉತ್ತರೆ ಸೆಪ್ಟೆಂಬರ್ 13ರ ಸುಮಾರಿಗೆ. ಮುಂಗಾರು ಕೇರಳಕ್ಕೆ ಮುಟ್ಟುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಮ್ಮ ಕರಾವಳಿಗೆ ನಾಲ್ಕೈದು ದಿನ. ಹಾಗಾಗಿ ಮೃಗಶಿರದಲ್ಲಿ ಮಳೆ ಕೂರುತ್ತದೆ, ಆರಿದ್ರೆಯಲ್ಲಿ ಹಿಡಿಯುತ್ತದೆ. ‘ಆರಿದ್ರೆ ಆರದೆ ಹುಯ್ಯುತ್ತದೆ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಗಾದೆ ತಪ್ಪುವ ವರ್ಷಗಳೂ ಉಂಟು, ಆದರೆ ಪಂದ್ಯ ಕಟ್ಟುವುದಾದರೆ ಗಾದೆಯ ಕಡೆಗೇ ಕಟ್ಟಬೇಕು.

ಇನ್ನು ಅಳತೆ. ‘ಇನ್ನೂರು ಮಿಲಿಮೀಟರ್ ಮಳೆ’ ಎಂದು ಓದುತ್ತೇವೆ, ಎಷ್ಟು ನೀರು ಎಂದು ಅಂದಾಜಾಗುವುದಿಲ್ಲ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್. ಸಾವಿರ ಚದರಡಿ ತಾರಸಿಯ ಮೇಲೆ 100 ಮಿ.ಮೀ. ಬಿದ್ದರೆ ಹತ್ತಿರ ಹತ್ತಿರ 9,300 ಲೀಟರ್ ಆಯಿತು. ಗುಡ್ಡದಲ್ಲಾದರೆ ಅಷ್ಟೇ ಅಗಲದ ಇಳಿಜಾರು ಇಷ್ಟನ್ನೂ ಒಂದೇ ದಿನ ಕುಡಿಯಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ.ನಿಂದ ‘ಭಾರೀ ಮಳೆ’ ಶುರು, 115.6ರಿಂದ ‘ಅತಿ ಭಾರೀ’, 204.4 ದಾಟಿದರೆ ‘ಅತ್ಯಂತ ಭಾರೀ’. ಈ 24 ಗಂಟೆ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಹಾಗಾಗಿ ಪತ್ರಿಕೆಯಲ್ಲಿ ಇವತ್ತು ಕಾಣುವ ಅಂಕಿ ನಿನ್ನೆ ಬೆಳಿಗ್ಗೆವರೆಗಿನದು. ಅದನ್ನು ನೋಡಿ ‘ಮಳೆ ಕಡಿಮೆಯಾಗಿದೆ’ ಎಂದು ಹೊರಡುವವರು ಇಪ್ಪತ್ತನಾಲ್ಕು ಗಂಟೆ ಹಿಂದಿನ ಸುದ್ದಿ ನಂಬಿ ಹೊರಟ ಹಾಗೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಹೋಗುವ ಊರಿನ ಅಂಕಿಯನ್ನೇ ಅಲ್ಲಿ ನೋಡಿಕೊಳ್ಳಿ. ಜಿಲ್ಲೆಯ ಸರಾಸರಿಯಿಂದ ಏನೂ ತಿಳಿಯದು. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಐದನೇ ಒಂದು ಪಾಲೂ ಉಳಿಯುವುದಿಲ್ಲ. ಸಮುದ್ರದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಣ್ಣಗಾಗಿ, ಇದ್ದದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಮೂಡಣಕ್ಕೆ ಇಳಿಯುವಾಗ ಅದರ ಚೀಲ ಬರಿದು.

ಇದಕ್ಕಿಂತ ಸುಲಭದ ಅಳತೆಗೋಲು ಬೇಕೆಂದರೆ, ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ನೀವೂ ಹೊರಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗುಡ್ಡ ಜರಿದ ದೊಡ್ಡ ಘಟನೆಗಳ ದಿನಾಂಕ ಒಮ್ಮೆ ನೋಡಿ. ಕೊಡಗಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಜರಿದದ್ದು 2018ರ ಆಗಸ್ಟ್ ಮಧ್ಯದಲ್ಲಿ. ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದದ್ದು 2019ರ ಆಗಸ್ಟ್‌ನಲ್ಲಿ. ಅಂಕೋಲಾ ಬಳಿ ಶಿರೂರಿನ ಹೆದ್ದಾರಿ ಮೇಲೆ ಗುಡ್ಡ ಬಂದದ್ದು 2024ರ ಜುಲೈ 16. ಪುನರ್ವಸುವಿನ ಕೊನೆಯಿಂದ ಆಶ್ಲೇಷದ ಕೊನೆಯವರೆಗಿನ ಒಂದು ತಿಂಗಳೊಳಗೇ ಇವೆಲ್ಲ ಬರುತ್ತವೆ. ಮೊದಲ ಮಳೆಗೆ ಗುಡ್ಡ ಜರಿಯುವುದು ಕಡಿಮೆ. ಜೂನ್ ಪೂರ್ತಿ ಮಣ್ಣು ನೀರು ಕುಡಿಯುತ್ತದೆ. ಕುಡಿದು ತುಂಬಿದ ಮೇಲೆ ಬೀಳುವ ಇನ್ನೂರು ಮಿಲಿಮೀಟರ್ ಒಳಗೆ ಹೋಗಲು ಜಾಗವಿಲ್ಲದೆ ಮಣ್ಣನ್ನೇ ತೇಲಿಸಿಕೊಂಡು ಇಳಿಯುತ್ತದೆ. ರಸ್ತೆ ಅಗಲ ಮಾಡಲು ಬುಡ ಕಡಿದ ಗುಡ್ಡವಾದರೆ ಇನ್ನೂ ಬೇಗ.

ಈ ತಿಂಗಳಿಗೆ ತುಳುವಿನಲ್ಲಿ ಆಟಿ ಎನ್ನುತ್ತಾರೆ, ಕೊಡವರು ಕಕ್ಕಡ ಎನ್ನುತ್ತಾರೆ. ಸೂರ್ಯ ಕರ್ಕಾಟಕ ರಾಶಿಯಲ್ಲಿರುವ ತಿಂಗಳು, ಜುಲೈ 16–17ರಿಂದ ಆಗಸ್ಟ್ 16ರವರೆಗೆ. ಹಿಂದಿನವರು ಆಟಿಯಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುತ್ತಿರಲಿಲ್ಲ, ದೂರ ಪ್ರಯಾಣವನ್ನೂ ತಪ್ಪಿಸುತ್ತಿದ್ದರು. ಕಾರಣ ಏನೇ ಹೇಳಿಕೊಂಡಿರಲಿ, ಈಗಿನ ಹೆದ್ದಾರಿ ನಕ್ಷೆ ಇಟ್ಟುಕೊಂಡು ನೋಡಿದರೂ ಅದು ಸರಿಯಾದ ತೀರ್ಮಾನವೇ.

ಮಳೆಯನ್ನೇ ನೋಡಬೇಕು ಎನ್ನುವವರು ಆರಿದ್ರೆಯಲ್ಲಿ ಹೋಗಿ. ನೀರು ತುಂಬಿದ ಜಲಪಾತ, ಹಸಿರು ಗದ್ದೆ, ನಡುನಡುವೆ ಮಳೆ ಬಿಟ್ಟ ಹೊಳವು, ಮೂರೂ ಬೇಕೆಂದರೆ ಮಘೆಯಿಂದ ಉತ್ತರೆಯವರೆಗೆ ಹೋಗಿ. ಆಟಿಯ ಊಟವೇ ಬೇಕು ಎನ್ನುವ ನಾಲಿಗೆ ಚಪಲದವರ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನಿಂದ ಮಂಗಳೂರಿಗೆ ಇಳಿಯಲು ಮೂರು ಘಾಟಿ: ಸಕಲೇಶಪುರ ದಾಟಿ ಶಿರಾಡಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ, ಮಡಿಕೇರಿಯಿಂದ ಸಂಪಾಜೆ. ಉಡುಪಿಗೆ ಆಗುಂಬೆ, ಕುಂದಾಪುರಕ್ಕೆ ಹುಲಿಕಲ್ (ಬಾಳೆಬರೆ ಎಂದರೂ ಅದೇ), ಹೊನ್ನಾವರಕ್ಕೆ ಗೇರುಸೊಪ್ಪೆ, ಕುಮಟೆಗೆ ದೇವಿಮನೆ. ಒಂದು ಮುಚ್ಚಿದರೆ ಎಲ್ಲರೂ ಪಕ್ಕದ್ದಕ್ಕೆ ನುಗ್ಗುತ್ತಾರೆ, ಅಲ್ಲಿ ಐದು ಗಂಟೆ ಸಾಲು. ಹಾಗಾಗಿ ಹೊರಡುವ ಮುನ್ನ ನಿಮ್ಮ ಘಾಟಿಯ ಜೊತೆಗೆ ಪಕ್ಕದ ಘಾಟಿಯ ಸುದ್ದಿಯನ್ನೂ ಕೇಳಿಕೊಳ್ಳಿ. ಮಳೆ ಜೋರಾದಾಗ ಜಿಲ್ಲಾಡಳಿತ ರಾತ್ರಿ ಸಂಚಾರ ನಿಲ್ಲಿಸುವುದುಂಟು, ಭಾರೀ ವಾಹನ ತಡೆಯುವುದುಂಟು. ಮಧ್ಯಾಹ್ನ ಮೂರರೊಳಗೆ ಘಾಟಿ ಇಳಿದು ಮುಗಿಯುವ ಹಾಗೆ ಲೆಕ್ಕ ಹಾಕಿ ಬೆಂಗಳೂರು ಬಿಡಿ.

ಇಳಿಜಾರಿನಲ್ಲಿ ಹಳೆ ಡ್ರೈವರುಗಳ ಸೂತ್ರ ಒಂದೇ, ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅರ್ಧ ದಾರಿಗೆ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತಿರುವ ಗುರುತು ಅದು. ಎರಡನೇ ಗೇರು, ತಿರುವಿನಲ್ಲಿ ಬೇಕಾದರೆ ಒಂದನೆಯದು. ಹತ್ತುವ ಗಾಡಿಗೆ ದಾರಿ ಬಿಡುವುದು ಇಳಿಯುವವರ ಕೆಲಸ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ, ಲೋಬೀಮ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಾಳಿ ಬಿಡಿ. ನೀವು ಎಡಕ್ಕೋ ಬಲಕ್ಕೋ ಎಂದು ಹಿಂದಿನವನಿಗೆ ತಿಳಿಯುವುದಿಲ್ಲ, ಅದನ್ನು ಗಾಡಿ ನಿಂತಾಗ ಹಾಕಬೇಕು. ಒದ್ದೆ ಬಟ್ಟೆಯಲ್ಲಿ ಐದು ಜನ ಕೂತರೆ ಗಾಜಿನ ಒಳಗೆ ಆವಿ ಕಟ್ಟುತ್ತದೆ, ಬಟ್ಟೆಯಿಂದ ಒರೆಸಿದಷ್ಟೂ ಮಸುಕು. ಏಸಿ ಹಾಕಿ, ಹೊರಗಿನ ಗಾಳಿ ಒಳಬರುವ ಕಡೆಗೆ ಗುಂಡಿ ತಿರುಗಿಸಿ. ಎರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಟೈರಿನ ಮೇಲಿನ ತೋಡುಗಳ ಆಳ 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಘಾಟಿಯ ನೀರಿಗೆ ಮೂರಾದರೂ ಇರಬೇಕು.

ಒಂದು ಗುರುತು ಮಾತ್ರ ಮರೆಯಬೇಡಿ. ಗುಡ್ಡದಿಂದ ತಿಳಿಯಾಗಿ ಇಳಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ಅಥವಾ ಹರಿಯುತ್ತಿದ್ದ ತೊರೆ ನಿಂತೇ ಹೋಯಿತು, ಅಥವಾ ಸಣ್ಣ ಕಲ್ಲುಗಳು ಪಟಪಟ ಉದುರುತ್ತಿವೆ ಎಂದರೆ ಮೇಲೆ ಮಣ್ಣು ಕದಲಿದೆ ಎಂದರ್ಥ. ಮುಂದಕ್ಕೆ ಹೋಗಬೇಡಿ. ಮೊಬೈಲ್ ತೆಗೆದು ವಿಡಿಯೊ ಮಾಡುತ್ತ ನಿಲ್ಲಲೂಬೇಡಿ.

ಗಾಡಿಯೇ ಬೇಡ ಎನ್ನುವವರಿಗೆ ರೈಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗ. 50 ಮೀಟರಿಗೆ ಒಂದು ಮೀಟರ್ ಇಳಿಜಾರು, ಅದಕ್ಕೇ ರೈಲು 30 ಕಿ.ಮೀ. ವೇಗ ಮೀರುವುದಿಲ್ಲ. ಹಗಲು ರೈಲಿಗೇ ಟಿಕೆಟ್ ಮಾಡಿ, ರಾತ್ರಿ ರೈಲಿನಲ್ಲಿ ಸುರಂಗ ಯಾವುದು ಆಕಾಶ ಯಾವುದು ಗೊತ್ತಾಗದು. ಕೊಂಕಣ ರೈಲ್ವೆಗೆ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಉಂಟು; ಹಳೇ ಸಮಯ ನಂಬಿ ಕಾರವಾರದ ನಿಲ್ದಾಣಕ್ಕೆ ಹೋಗಬೇಡಿ.

ಇನ್ನು ಊಟ.

ಮೊದಲು ಏನು ಸಿಗುವುದಿಲ್ಲ ಎಂಬುದು. ಮಟ್ಟುಗುಳ್ಳ ಉಡುಪಿ ಹತ್ತಿರದ ಮಟ್ಟು ಗ್ರಾಮದ ಬದನೆ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ಮಳೆಗಾಲದಲ್ಲಿ ಆ ಗದ್ದೆಯಲ್ಲಿ ಭತ್ತ ನಿಂತಿರುತ್ತದೆ. ಅದರ ಕೊಯ್ಲಾದ ಮೇಲೆ ಗುಳ್ಳದ ಸಸಿ ನೆಡುತ್ತಾರೆ, ಕಾಯಿ ಪೇಟೆಗೆ ಬರುವಾಗ ಡಿಸೆಂಬರ್ ಹತ್ತಿರ. ಜುಲೈನಲ್ಲಿ ‘ಗುಳ್ಳ’ ಎಂದು ಯಾರಾದರೂ ಕೊಟ್ಟರೆ ಅದು ಬೇರೆ ಯಾವುದೋ ಹಸಿರು ಬದನೆ.

ಮೀನಿನದೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದು ಮೀನು ಮರಿ ಮಾಡುವ ಕಾಲ. 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ಅವಕಾಶ ಉಂಟು, ಆದರೆ ಕಡಲು ಉಕ್ಕುವಾಗ ಅವರೂ ಇಳಿಯುವುದು ಯಾವಾಗಲೋ ಒಮ್ಮೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆ ಕಡೆಯ ಮೀನು ಐಸ್ ಲಾರಿಯಲ್ಲಿ ಬರುತ್ತದೆ. ಅಂದರೆ ಜುಲೈನಲ್ಲಿ ಮಂಗಳೂರಿನಲ್ಲಿ ತಿಂದ ಬಂಗುಡೆ ಬಂಗಾಳ ಕೊಲ್ಲಿಯದ್ದಾಗಿರಬಹುದು. ಆ ಕಾಲಕ್ಕೆ ಕೇಳಬೇಕಾದದ್ದು ಒಣಮೀನಿನ ಚಟ್ನಿ, ಗದ್ದೆಯ ಏಡಿ, ಹೊಳೆಮೀನು. ತಾಜಾ ಕಡಲ ಮೀನೇ ಬೇಕೆಂದರೆ ಆಗಸ್ಟ್ ಎರಡನೇ ವಾರದ ಮೇಲೆ ಬನ್ನಿ.

ಸಿಗುವುದರ ಕಡೆಗೆ ಬಂದರೆ, ಒಂದು ಸಂಗತಿ ಗಮನಿಸಿ. ಮಲೆನಾಡು, ಕರಾವಳಿಯ ಮಳೆಗಾಲದ ತಿಂಡಿಗಳಲ್ಲಿ ಹಿಟ್ಟು ಹುಳಿ ಬರಿಸುವ ತಿಂಡಿಗಿಂತ ಬರಿಸದ ತಿಂಡಿಯೇ ಹೆಚ್ಚು: ಅಕ್ಕಿ ರೊಟ್ಟಿ, ಉಂಡೆ ಕಡುಬು, ನೀರುದೋಸೆ. ಆ ಥಂಡಿಗೆ ಉದ್ದಿನ ಹಿಟ್ಟು ಉಬ್ಬುವುದು ಅಪರೂಪ. ನೀರುದೋಸೆಗೆ ಆ ತಲೆನೋವಿಲ್ಲ. ಒಂದು ಲೋಟ ದೋಸೆ ಅಕ್ಕಿ ನಾಲ್ಕು ಗಂಟೆ ನೆನೆಸಿ, ಕಾಲು ಲೋಟ ತೆಂಗಿನ ತುರಿ ಸೇರಿಸಿ ಗಂಧದ ಹಾಗೆ ರುಬ್ಬಿ, ಒಟ್ಟು ಎರಡೂವರೆ ಲೋಟದಷ್ಟು ನೀರು ಸೇರಿ ಮಜ್ಜಿಗೆಯಂತಾಗಬೇಕು. ಕಾವಲಿ ಹೊಗೆಯಾಡುವಷ್ಟು ಕಾಯಲಿ. ಅಂಚಿನಿಂದ ಒಳಕ್ಕೆ ಸುರಿಯಬೇಕು, ಸೌಟಿನಲ್ಲಿ ಹರಡಬಾರದು. ಮುಚ್ಚಳ ಹಾಕಿ ಒಂದು ನಿಮಿಷ, ಮಗುಚುವುದಿಲ್ಲ. ಮೊದಲ ನಾಲ್ಕು ಚೆನ್ನಾಗಿ ಬಂದು ಐದನೆಯದು ಹರಿಯಿತು ಎಂದರೆ ಅಕ್ಕಿ ತಳಕ್ಕೆ ಕೂತಿದೆ. ಪ್ರತಿ ಸಲವೂ ಸೌಟು ತಳಮುಟ್ಟ ಕದಡಿ ತೆಗೆಯಬೇಕು. ಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಿದರೆ ಎಲ್ಲ ಅಂಟಿ ಒಂದೇ ದೋಸೆ.

ಕೆಸುವಿನ ಎಲೆಗೆ ಹಿಟ್ಟು ಬಳಿದು ಸುತ್ತಿ ಬೇಯಿಸುವ ಪತ್ರೊಡೆಗೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಇದರಲ್ಲಿ ತಪ್ಪಿದರೆ ಗಂಟಲೇ ಹೇಳುತ್ತದೆ. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ, ಕ್ಯಾಲ್ಸಿಯಂ ಆಕ್ಸಲೇಟಿನವು. ತುರಿಕೆ ಅವುಗಳದ್ದು. ಹುಳಿ ಮತ್ತು ದೀರ್ಘ ಹಬೆ, ಇವೆರಡೇ ಅದಕ್ಕೆ ಮದ್ದು. ಹದಿನೈದು ಎಲೆಗೆ ಎರಡು ಲೋಟ ಅಕ್ಕಿ, ದೊಡ್ಡ ನಿಂಬೆ ಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಎಂಟು ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಅರ್ಧ ಲೋಟ ತೆಂಗಿನ ತುರಿ, ಅರಿಶಿನ, ಉಪ್ಪು. ನೀರು ಕಡಿಮೆ ಹಾಕಿ ಸಣ್ಣ ರವೆಯ ತರಿಗೆ ರುಬ್ಬಿ. ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು, ಹುಳಿ ಎರಡೂ ಒಂದು ಕೈ ಜಾಸ್ತಿ ಎನಿಸಬೇಕು. ಈಗ ಸರಿ ಎನಿಸಿದರೆ ಬೆಂದ ಮೇಲೆ ಸಪ್ಪೆಯಾಗುತ್ತದೆ, ಎಲೆ ಅಷ್ಟನ್ನೂ ಎಳೆದುಕೊಳ್ಳುತ್ತದೆ.

ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ. ಎಲೆಯನ್ನು ಬೆನ್ನು ಮೇಲಾಗಿ ಹಾಸಿ, ನಡುವಿನ ದಪ್ಪ ನಾರನ್ನು ಚಾಕುವಿನಿಂದ ಮಟ್ಟಸವಾಗಿ ಹೆರೆಯಿರಿ. ಅದು ಉಳಿದರೆ ಸುರುಳಿ ಸುತ್ತುವಾಗ ಎಲೆ ಸೀಳುತ್ತದೆ. ತೆಳ್ಳಗೆ ಹಿಟ್ಟು ಬಳಿಯಿರಿ. ಮೇಲಿನ ಎಲೆಯ ತುದಿ ಕೆಳಗಿನದರ ತೊಟ್ಟಿನ ಕಡೆಗೆ ಬರುವಂತೆ ನಾಲ್ಕೈದು ಪೇರಿಸಿ, ಎರಡು ಬದಿ ಒಳಕ್ಕೆ ಮಡಚಿ ಬಿಗಿಯಾಗಿ ಸುತ್ತಿ. ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ, ದಪ್ಪ ಸುರುಳಿಗೆ ಒಂದು ಗಂಟೆ. ಪೂರ್ತಿ ಆರಿದ ಮೇಲೆ ಕೊಯ್ಯಬೇಕು. ಬಿಸಿಯಲ್ಲಿ ಕೊಯ್ದರೆ ಹಿಟ್ಟು ಚಾಕುವಿಗೆ ಅಂಟಿ ಬಿಲ್ಲೆ ಮುದ್ದೆಯಾಗುತ್ತದೆ. ಬಿಲ್ಲೆಗಳನ್ನು ತುಪ್ಪದಲ್ಲಿ ಕೆಂಪಗೆ ಕಾಯಿಸುತ್ತಾರೆ, ಇಲ್ಲವೇ ಪುಡಿ ಮಾಡಿ ಸಾಸಿವೆ, ಕರಿಬೇವಿನ ಒಗ್ಗರಣೆಗೆ ಬೆಲ್ಲ, ಕಾಯಿತುರಿ ಸೇರಿಸುತ್ತಾರೆ. ಮರದ ಮೇಲೆ ಬೆಳೆಯುವ ಮರಗೆಸು ಸಿಕ್ಕರೆ ಪುಣ್ಯ; ಅದು ಮಳೆಯಲ್ಲಿ ಮಾತ್ರ ಚಿಗುರುವುದು, ರುಚಿಯಲ್ಲಿ ನೆಲದ ಕೆಸು ಅದರ ಹತ್ತಿರ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಳಲೆ, ಅಂದರೆ ಎಳೆ ಬಿದಿರು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ, ಹಾಗಾಗಿ ‘ಸ್ವಲ್ಪ ಬಾಡಿಸಿದರಾಯಿತು’ ಎನ್ನುವಂತಿಲ್ಲ. ಸಿಪ್ಪೆ ಸುಲಿದು, ಚಾಕು ಸರಾಗ ಇಳಿಯುವ ಎಳೆಯ ಭಾಗ ಮಾತ್ರ ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಡಬೇಕು. ದಿನವೂ ನೀರು ಬದಲಿಸಬೇಕು. ಆಮೇಲೆ ಮುಚ್ಚಳ ತೆರೆದಿಟ್ಟು ಇಪ್ಪತ್ತು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ. ಇಷ್ಟಾದ ಮೇಲೆ ಪಲ್ಯವೋ ಹುಳಿಯೋ, ಕೊಡಗಿನವರ ಹಾಗೆ ಕಡಂಬುಟ್ಟಿನ (ಉಂಡೆ ಕಡುಬಿನ) ಜೊತೆ ಬೈಂಬಳೆ (ಕಳಲೆ) ಕರಿಯೋ ನಿಮ್ಮಿಷ್ಟ. ಸಂತೆಯಲ್ಲಿ ಕೊಳ್ಳಿ, ಮೀಸಲು ಅರಣ್ಯಕ್ಕೆ ನುಗ್ಗಿ ಮುರಿಯುವುದು ಅಪರಾಧ.

ಆಟಿಯ ಊಟಕ್ಕೆಂದೇ ಬರುವವರಿಗೆ ಎರಡು ದಿನ ಹೇಳುತ್ತೇನೆ. ಒಂದು ಕಕ್ಕಡ ಹದಿನೆಂಟು, ಆಗಸ್ಟ್ 3ರ ಸುಮಾರು. ಅಂದು ಕೊಡಗಿನಲ್ಲಿ ಮದ್ದುತೊಪ್ಪಿನ ರಸದ ಪಾಯಸ ಮಾಡುತ್ತಾರೆ, ಬಣ್ಣ ನೇರಳೆ. ಮರುದಿನ ಮೂತ್ರ ಕೆಂಪಾದರೆ ಆಸ್ಪತ್ರೆಗೆ ಓಡಬೇಡಿ, ಅದು ಆ ಸೊಪ್ಪಿನದೇ ಬಣ್ಣ. ಇನ್ನೊಂದು ಆಟಿ ಅಮಾವಾಸ್ಯೆ. ಬೆಳಗಿನ ಜಾವ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವುದು ತುಳುನಾಡಿನ ಕ್ರಮ. ಮರ ಗೊತ್ತಿಲ್ಲದವರು ಕತ್ತಲಲ್ಲಿ ತೊಗಟೆ ಕೀಳಲು ಹೋಗಲೇಬಾರದು. ಕಾಸರಕದಂಥ ವಿಷದ ಮರವೂ ಅದೇ ಗುಡ್ಡದಲ್ಲಿರುತ್ತದೆ. ತಲೆಮಾರಿನಿಂದ ಮಾಡುತ್ತ ಬಂದ ಮನೆಯವರು ಕೊಟ್ಟರೆ ಮಾತ್ರ, ಅದೂ ಒಂದು ಸಣ್ಣ ಲೋಟ.

ಕೊನೆಗೆ ಸಭಿಕರು ಕೇಳಿದ ಮೂರು ಪ್ರಶ್ನೆ.

ಉಂಬಳ ಕಚ್ಚಿದರೆ ಏನು ಮಾಡಬೇಕು? ಎಳೆದು ಕೀಳಬೇಡಿ. ಉಗುರನ್ನು ಅದರ ಬಾಯಿಯ ಹತ್ತಿರ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಹಿರುಡಿನ್ ಎಂಬ ರಸ ಬಿಟ್ಟಿರುತ್ತದೆ, ಹಾಗಾಗಿ ಸುಮಾರು ಹೊತ್ತು ರಕ್ತ ಒಸರುವುದು ಸಹಜ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಹೊರಡುವ ಮೊದಲೇ ಪ್ಯಾಂಟಿನ ಮೇಲೆ ಸಾಕ್ಸ್ ಎಳೆದು, ಸುಣ್ಣ ಹೊಗೆಸೊಪ್ಪು ಕಲಸಿ ಬಳಿದುಕೊಳ್ಳುವುದು ಊರಿನವರ ಉಪಾಯ. ಮಳೆಗೆ ತೊಳೆದು ಹೋಗುತ್ತದೆ, ಮತ್ತೆ ಬಳಿಯಬೇಕು.

ಜೋಗ ಯಾವಾಗ? 253 ಮೀಟರಿನ ಧಾರೆ ತುಂಬಿ ಬೀಳುವುದು ಹೆಚ್ಚಾಗಿ ಲಿಂಗನಮಕ್ಕಿಯಿಂದ ನೀರು ಬಿಟ್ಟಾಗ. ಅಣೆಕಟ್ಟೆಯ ಪೂರ್ಣಮಟ್ಟ 1,819 ಅಡಿ. ಪತ್ರಿಕೆಯಲ್ಲಿ ಆ ಅಂಕಿ 1,815ರ ಹತ್ತಿರ ಬಂದ ಮೇಲೆ ಹೊರಡಿ. ಮಂಜಿದ್ದರೆ ಗಾಡಿಗೆ ವಾಪಸಾಗಬೇಡಿ, ಗಾಳಿ ಬೀಸಿದಾಗ ಹತ್ತು ನಿಮಿಷ ತೆರೆಯುತ್ತದೆ.

ಊರಿಗೆ ಏನು ಕಟ್ಟಿಸಿಕೊಂಡು ಹೋಗುವುದು? ಹಪ್ಪಳ ಬೇಡ, ಮಳೆಯಲ್ಲಿ ಮೆತ್ತಗಾಗುತ್ತದೆ. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಕೇಳಿ. ಮೇ ತಿಂಗಳಲ್ಲಿ ಬಲಿತ ಕಾಯಿಯ ಸೊಳೆ ಬಿಡಿಸಿ, ಕಿಲೋಗೆ ಕಾಲು ಕಿಲೋದಷ್ಟು ಕಲ್ಲುಪ್ಪು ಪದರ ಪದರವಾಗಿ ಹಾಕಿ, ಮೇಲೆ ಕಲ್ಲು ಹೇರಿಟ್ಟದ್ದು ಅದು. ಡಬ್ಬಿಗೆ ತುಂಬಿಸುವಾಗ ಸೊಳೆ ಮುಳುಗುವಷ್ಟು ಉಪ್ಪುನೀರನ್ನೂ ಹಾಕಿಸಿಕೊಳ್ಳಿ. ನೀರಿನ ಮೇಲೆ ಎದ್ದ ಸೊಳೆಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಸೌಟು ಹಾಕಬೇಡಿ. ಅಡುಗೆಯ ಹಿಂದಿನ ರಾತ್ರಿ ತೊಳೆದು ನೀರಿಗೆ ಹಾಕಿ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ನೀರು ಬದಲಿಸಿ. ಒಂದು ಸೊಳೆ ಬಾಯಿಗೆ ಹಾಕಿ ನೋಡಿ. ಇನ್ನೂ ಉಪ್ಪೆನಿಸಿದರೆ ಮತ್ತೊಂದು ಗಂಟೆ ಬಿಡಿ, ಪಲ್ಯಕ್ಕೆ ಬೇರೆ ಉಪ್ಪು ಹಾಕುವುದು ಬೇಡ.